ಹಿತ್ತಲಿನ ಹಕ್ಕಿಯ ಕುಂಟಾಟ

ವೇಡ್ ಹಾಲ್ವರ್ಸನ್‌ನನ್ನು ಏಮಾರಿಸುವುದು ಸುಲಭವಲ್ಲ; ಹಾಗೆಂದು ಅವನೇ ನಂಬಿದ್ದ. ಮಾರುವವನ ಮುಖ ನೋಡಿಯೇ ಹಳೇ ಕಾರಿನ ಹುಳುಕು ಹೇಳುವ ಆಸಾಮಿ, ಒಂಬತ್ತು ವರ್ಷದ ಮಗಳ ಹೊಟ್ಟೆನೋವಿಗೆ ಮಾತ್ರ ಸೋತಿದ್ದ. ಚಳಿಗಾಲವಿಡೀ ಶಾಲೆಯಿಂದ ಫೋನು ಬರುತ್ತಿತ್ತು: ಟೆಸ್‌ಗೆ ಹೊಟ್ಟೆನೋವು, ಬಂದು ಕರೆದುಕೊಂಡು ಹೋಗಿ. ಡಾಕ್ಟರಿಗೆ ಏನೂ ಸಿಗಲಿಲ್ಲ. ಕೊನೆಗೆ ಹೆಂಡತಿ ಮಾರ್ನಿ, ಟೆಸ್‌ಳನ್ನೂ ಅವಳ ತಮ್ಮ ಓರಿನ್‌ನನ್ನೂ ಶಾಲೆ ಬಿಡಿಸಿ ಮನೆಯಲ್ಲೇ ಪಾಠ ಶುರುಮಾಡಿದಳು. ಮರುದಿನವೇ ನೋವು ಮಾಯ!

“ಹುಡುಗಿ ನಮ್ಮನ್ನ ಚೆನ್ನಾಗಿ ಆಟ ಆಡಿಸಿದಾಳೆ,” ಎಂದ ವೇಡ್. ಬೇಸಿಗೆ ಮುಗಿದೊಡನೆ ಇಬ್ಬರನ್ನೂ ಮತ್ತೆ ಶಾಲೆಯ ಹಳದಿ ಬಸ್ಸಿಗೆ ಹತ್ತಿಸುವುದೇ ಸೈ ಎಂದು ಹಟ ಹಿಡಿದ. ಶಾಲೆ ತಪ್ಪಿದ್ದಕ್ಕಲ್ಲ, ಮಗಳು ಕಣ್ಣಲ್ಲಿ ಕಣ್ಣಿಟ್ಟು ಸುಳ್ಳು ಹೇಳಿದಳಲ್ಲ ಎಂದು ಅವನಿಗೆ ಸಂಕಟ.

ಮಾರ್ನಿ ಆಸ್ಪತ್ರೆ ಡ್ಯೂಟಿಗೆ ಹೋಗುವ ಸೋಮವಾರ ಪಾಠದ ಹೊಣೆ ಅವನದು. ಮಕ್ಕಳನ್ನು ಹಿತ್ತಲಿಗೆ ಬಿಟ್ಟು, ಕಂಡದ್ದನ್ನೆಲ್ಲ ಬಂದು ಹೇಳಿ ಎಂದು ತಾನು ಹುಲ್ಲು ಕತ್ತರಿಸುವ ಮಿಷನ್ ಹತ್ತಿ ಕೂರುವುದೇ ಅವನ ಪಾಠ. ಆ ಸೋಮವಾರ ಅವನು ಶೆಡ್ಡಿನ ಪಕ್ಕದ ಜಲ್ಲಿಯತ್ತ ತಿರುಗಿದ್ದೇ ತಡ, ಕೊರಳಿಗೆ ಎರಡು ಕಪ್ಪು ಪಟ್ಟಿಯ ಕಿಲ್‌ಡೀರ್ ಹಕ್ಕಿಯೊಂದು ಚೀರುತ್ತ ಚಕ್ರದ ಮುಂದೆ ಬಿದ್ದು, ರೆಕ್ಕೆ ಎಳೆದುಕೊಂಡು ಕುಂಟತೊಡಗಿತು. ಚಕ್ರ ತಾಗಿತೆಂದೇ ವೇಡ್ ಅಂದುಕೊಂಡ. ಮಿಷನ್ ನಿಲ್ಲಿಸಿ, ಓರಿನ್ ತಂದುಕೊಟ್ಟ ಶೂ ಡಬ್ಬಿ ಹಿಡಿದು ಹಕ್ಕಿಯ ಬೆನ್ನು ಹತ್ತಿದ. ಇನ್ನೇನು ಕೈಗೆ ಸಿಕ್ಕಿತು ಎನ್ನುವಷ್ಟರಲ್ಲಿ ಅದು ಒಂದು ಮಾರು ಮುಂದೆ. ಬೇಲಿಯ ತನಕ ಅವನನ್ನು ಓಡಿಸಿ, ಎರಡೂ ರೆಕ್ಕೆ ಬಿಚ್ಚಿ ಹಾಯಾಗಿ ಹಾರಿಹೋಯಿತು. ಖಾಲಿ ಡಬ್ಬಿ ಹಿಡಿದು ನಿಂತ ಅಪ್ಪನನ್ನು ಕಂಡು ಓರಿನ್ ಬಿದ್ದು ಬಿದ್ದು ನಕ್ಕ.

ಟೆಸ್ ನಗಲಿಲ್ಲ. ಅಪ್ಪನನ್ನು ಜಲ್ಲಿಯ ಬಳಿಗೆ ಕರೆತಂದು ತೋರಿಸಿದಳು. ಕಲ್ಲಿನ ನಡುವೆ ಕಲ್ಲಿನದೇ ಬಣ್ಣದ ನಾಲ್ಕು ಮೊಟ್ಟೆ. ಪಕ್ಕದಲ್ಲೇ ಮಿಷನ್ನಿನ ಚಕ್ರ.

“ನಾವು ನೋಡ್ತಿದ್ರೆ ಕುಂಟತ್ತೆ. ಇಲ್ದಿದ್ರೆ ಚೆನ್ನಾಗೇ ಓಡಾಡತ್ತೆ,” ಎಂದಳು.

“ಕಳ್ಳ ಹಕ್ಕಿ. ಎಷ್ಟು ಚೆನ್ನಾಗಿ ಸುಳ್ಳು ಹೇಳತ್ತೆ ನೋಡು.”

“ಬೈಬೇಡ ಅಪ್ಪ. ಮೊಟ್ಟೆ ಇದಾವಲ್ಲ, ನಮ್ಮನ್ನ ದೂರ ಕರ್ಕೊಂಡು ಹೋಗೋಕೆ ಹಾಗೆ ಮಾಡತ್ತೆ.”

ಹುಡುಗಿಯ ಕಿವಿ ಕೆಂಪಾಗಿತ್ತು. ವೇಡ್ ಜಲ್ಲಿಯ ಮೇಲೆ ಮಂಡಿಯೂರಿ ಕೂತು, ಅವಳ ಹೊಟ್ಟೆನೋವಿನ ಮಾತೆತ್ತಿದ, ಈ ಸಲ ಮೆತ್ತಗೆ. ಟೆಸ್ ಮೊದಲು ತಮ್ಮನತ್ತ ನೋಡಿದಳು. ಅವನು ದೂರದಲ್ಲಿ ಮಿಡತೆ ಹಿಡಿಯುತ್ತಿದ್ದ. ಆಮೇಲೆ ಪಿಸುದನಿಯಲ್ಲಿ ಎಲ್ಲ ಹೇಳಿದಳು. ಶಾಲೆಯಲ್ಲಿ ಓರಿನ್ ಹೆದರಿ ಚಡ್ಡಿ ಒದ್ದೆ ಮಾಡಿಕೊಳ್ಳುತ್ತಿದ್ದ. ದೊಡ್ಡ ಹುಡುಗರು ಅವನಿಗೆ ಅಡ್ಡಹೆಸರಿಟ್ಟು ಗೇಲಿ ಮಾಡುತ್ತಿದ್ದರು. ಯಾರಿಗೂ ಹೇಳಬೇಡ ಎಂದು ಅಕ್ಕನಿಂದ ಆಣೆ ಮಾಡಿಸಿಕೊಂಡಿದ್ದ.

“ನನಗೆ ಹೊಟ್ಟೆನೋವು ಅಂದ್ರೆ ನೀನು ಬಂದು ಇಬ್ರನ್ನೂ ಕರ್ಕೊಂಡು ಹೋಗ್ತಿದ್ದೆ.”

ಹೌದು. ಇಬ್ಬರೂ ಹಿಂದಿನ ಸೀಟಿನಲ್ಲಿ ಕೂರುತ್ತಿದ್ದರು. ವೇಡ್ ಕಾರಿನ ಕನ್ನಡಿಯಲ್ಲಿ ಕಾಣುವ ಟೆಸ್‌ಳ ಮುಖದಲ್ಲಿ ಸುಳ್ಳು ಹುಡುಕುತ್ತಿದ್ದ. ಅವಳ ತೊಡೆಯ ಮೇಲೆ ಮಲಗಿರುತ್ತಿದ್ದ ಹುಡುಗನನ್ನು ಒಮ್ಮೆಯೂ ಸರಿಯಾಗಿ ನೋಡಿರಲಿಲ್ಲ. ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು. ಮಗಳನ್ನು ಬರಸೆಳೆದು ಅಪ್ಪಿಕೊಂಡ.

“ನಾನು ಹೇಳ್ದೆ ಅಂತ ಅವನಿಗೆ ಹೇಳಲ್ಲ ತಾನೆ?”

“ಇಲ್ಲ ಪುಟ್ಟಿ. ಯಾವತ್ತೂ ಹೇಳಲ್ಲ.”

ಅಪ್ಪ ಮಗಳು ಸೇರಿ ಮೊಟ್ಟೆಯ ಸುತ್ತ ಟೊಮೆಟೊ ಗಿಡದ ಆಸರೆಗೋಲು ನೆಟ್ಟರು. ಆ ಕಡೆಯ ಹುಲ್ಲು ಹಾಗೇ ಉಳಿಯಿತು.

ರಾತ್ರಿ ಊಟಕ್ಕೆ ಕೂತಾಗ, ಈ ವರ್ಷವೂ ಮನೆಯಲ್ಲೇ ಪಾಠವಾಗಲಿ ಎಂದ ವೇಡ್. ಮಾರ್ನಿ ಕೈಲಿದ್ದ ಚಮಚ ಕೆಳಗಿಟ್ಟು, ಇದ್ದಕ್ಕಿದ್ದಂತೆ ಇದೇನೆಂದು ಕೇಳಿದಳು. ಓರಿನ್ ತಿನ್ನುವುದು ಬಿಟ್ಟು ಅಪ್ಪನನ್ನೇ ನೋಡಿದ.

ವೇಡ್ ಸೊಂಟ ಹಿಡಿದುಕೊಂಡು ನರಳಿದ. “ಸೊಂಟ ಹಿಡ್ಕೊಂಡ್ಬಿಟ್ಟಿದೆ ಕಣೇ. ದಿನಾ ಬೆಳಗಾಗೆದ್ದು ಬಸ್ಸಿನ ಹಿಂದೆ ಓಡೋದು ನನ್ನ ಕೈಲಾಗಲ್ಲ.”

ಮಾರ್ನಿ ಒಂದಿಷ್ಟೂ ನಂಬಲಿಲ್ಲ. ಓರಿನ್ ಮತ್ತೆ ತಿನ್ನತೊಡಗಿದ. ಟೆಸ್ ತನ್ನ ಪಾಲಿನ ಜೋಳದ ತೆನೆಯನ್ನು ಅಪ್ಪನ ತಟ್ಟೆಗೆ ಇಟ್ಟಳು.