ಮಾರ್ಸೆಲಿನ್ ತೊಳೆದ ನಳಿಗೆಗಳು

ಬಾಗಿದ ರಬ್ಬರ್ ನಳಿಗೆಯನ್ನು ನೆಟ್ಟಗೆ ಎಳೆದು, ಒಂದು ಕಣ್ಣು ಮುಚ್ಚಿ, ಅದರೊಳಗಿಂದ ಕೊಲ್ಲಿ ದೇಶದ ರುಸ್ತಾಕಿನ ಆಸ್ಪತ್ರೆಯ ಕಿಟಕಿಯಾಚೆಯ ಬೋಳುಬೆಟ್ಟವನ್ನು ನೋಡುವುದು ಮಾರ್ಸೆಲಿನ್ನಳ ಅಭ್ಯಾಸ. ಬೆಟ್ಟ ಮಸುಕಾಗಿ ಕಂಡರೆ ಆ ನಳಿಗೆ ಮತ್ತೆ ತೊಟ್ಟಿಗೆ ಬೀಳುತ್ತಿತ್ತು. ಶಸ್ತ್ರಚಿಕಿತ್ಸೆಯ ವೇಳೆ ರೋಗಿಯ ಗಂಟಲಿಗಿಳಿಸಿ ಉಸಿರಾಡಿಸುವ ಆ ನಳಿಗೆಗಳನ್ನು, ಎಂಬತ್ತರ ದಶಕದ ಕೊನೆಯ ಆ ವರ್ಷಗಳಲ್ಲಿ, ತೊಳೆದು ಮತ್ತೆ ಬಳಸುತ್ತಿದ್ದರು.

ಅವಳ ಎಡಭುಜ ತುಸು ವಾಲಿದ್ದುದು, ಹಸಿರು ನಿಲುವಂಗಿಯ ತೋಳನ್ನು ಸೇಫ್ಟಿಪಿನ್ನಿನಿಂದ ಮೇಲೆತ್ತಿ ಕಟ್ಟುತ್ತಿದ್ದುದು, ಬ್ರಷ್ ಆಡಿಸುವಾಗ ಕೊಂಕಣಿಯಲ್ಲಿ ಎಣಿಸುತ್ತಿದ್ದುದು, ಇವೆಲ್ಲವನ್ನೂ ನೀರಜಾಳಷ್ಟು ಸೂಕ್ಷ್ಮವಾಗಿ ಗಮನಿಸಿದವರು ಬೇರಾರೂ ಇರಲಿಲ್ಲ. ಸ್ನೇಹಕ್ಕೆ ಅಷ್ಟು ತೀಕ್ಷ್ಣವಾದ ಕಣ್ಣಿರುವುದಿಲ್ಲ. ಅದು ಮತ್ಸರದ ಕಣ್ಣು. ಮೈಸೂರಿನಲ್ಲಿ ಡಿಪ್ಲೊಮಾ ಪಡೆದು ಬಂದ ನೀರಜಾ ಉಪಕರಣಗಳನ್ನು ಶುದ್ಧಗೊಳಿಸುವ ಆ ವಿಭಾಗದ ಮೇಲ್ವಿಚಾರಕಿ. ಶಿರ್ವದ ಮಾರ್ಸೆಲಿನ್ ಎಂಟನೆಯ ತರಗತಿಗೆ ಶಾಲೆ ಬಿಟ್ಟವಳು. ಆದರೂ ಅರಿವಳಿಕೆಯ ವೈದ್ಯ ದೊರೆಸ್ವಾಮಿಯವರು ನಳಿಗೆಯ ಪೊಟ್ಟಣ ಕೈಗೆತ್ತಿಕೊಳ್ಳುವಾಗ ಕೇಳುತ್ತಿದ್ದುದು ಒಂದೇ ಮಾತು: “ಮಾರ್ಸೆಲಿನ್ ತೊಳೆದದ್ದು ತಾನೆ?”

ನೀರಜಾಳಿಗೆ ಆ ಮಾತು ಪ್ರತಿದಿನವೂ ಹೊಸದಾಗಿ ಚುಚ್ಚುತ್ತಿತ್ತು.

ಬ್ರಷ್ಷಿನ ಎಳೆಗಳು ಸವೆದಿವೆ, ನಳಿಗೆಯೊಳಗೆ ಕಫದ ಪೊರೆ ಉಳಿದರೆ ರೋಗಾಣು ಕೊಲ್ಲುವ ದ್ರವ ಅದರ ಮೇಲಿಂದ ಸುಮ್ಮನೆ ಹರಿದುಹೋಗುತ್ತದೆ ಎಂದು ಮಾರ್ಸೆಲಿನ್ ಮೂರು ಸಲ ಹೊಸ ಬ್ರಷ್ ಕೇಳಿದಳು. ಹೊಸವು ಬೀರುವಿನಲ್ಲೇ ಇದ್ದವು. ಬಂದಿಲ್ಲವೆಂದು ಮೂರು ಸಲವೂ ಹೇಳಿದ ನೀರಜಾ, ಮರುವಾರ ಅವಳು ತೊಳೆದಿಟ್ಟ ಆರು ನಳಿಗೆಗಳನ್ನು ಬಳಕೆಗೆ ಬಿಡದೆ ಪರೀಕ್ಷೆಗೆ ಕಳಿಸಿದಳು. ಎರಡು ದಿನ ಕಳೆದು ಪ್ರಯೋಗಾಲಯದ ಉಮರಬ್ಬ ವರದಿ ತಂದ; ಒಂದರಲ್ಲಿ ರೋಗಾಣುಗಳು ಬೆಳೆದಿದ್ದವು. ನೀರಜಾಳ ಎದೆಯಲ್ಲಿ ಮೊದಲು ಉಕ್ಕಿದ್ದು ಸಂತೋಷ. ಅದು ಸಂತೋಷವೇ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಮಾರ್ಸೆಲಿನ್ನಳ ಕೆಲಸದ ಕರಾರು ನವೀಕರಣವಾಗಬೇಕಿದ್ದುದು ಅದೇ ತಿಂಗಳು. ವರದಿ ನೋಡಿ ಇಬ್ಬರನ್ನೂ ಕರೆಸಿದ ವೈದ್ಯರ ಮುಂದೆ ಅವಳೀಗ ಬ್ರಷ್ಷಿನ ಮಾತೆತ್ತುತ್ತಾಳೆ ಎಂದು ನೀರಜಾ ಕಾದು ನಿಂತಳು.

“ನಾನು ತೊಳೆದದ್ದೇ ಡಾಕ್ಟ್ರೆ. ಎಲ್ಲ ಇನ್ನೊಮ್ಮೆ ತೊಳೀತೇನೆ,” ಎಂದಳು ಮಾರ್ಸೆಲಿನ್.

ಹೊರಗೆ ಬಂದ ಮೇಲೆ ನೀರಜಾಳೇ ತಡೆಯಲಾರದೆ ಕೇಳಿದಳು: “ಬ್ರಷ್ ವಿಷಯ ಯಾಕೆ ಹೇಳ್ಲಿಲ್ಲ?”

“ಸವೆದದ್ದು ಅಂತ ಗೊತ್ತಿದ್ದೂ ಅದರಲ್ಲೇ ತೊಳೆದದ್ದು ನಾನಲ್ವಾ? ಇದರಲ್ಲಿ ಆಗೂದಿಲ್ಲ ಅಂತ ಕೆಳಗಿಡಬೇಕಿತ್ತು.”

ಆ ಮಾತಿನಲ್ಲಿ ಔದಾರ್ಯದ ಪ್ರದರ್ಶನವಾಗಲಿ, ಮೊನಚಾಗಲಿ ಇರಲಿಲ್ಲ. ಅವಳು ನಿಜವಾಗಿಯೂ ಹಾಗೆಯೇ ನಂಬಿದ್ದಳು. ನೀರಜಾ ಬೀರುವಿನಿಂದ ಬ್ರಷ್ಷಿನ ಡಬ್ಬಿಯನ್ನು ತಂದು ಮೇಜಿನ ಮೇಲಿಟ್ಟಳು. ಆಮೇಲೆ ದೊರೆಸ್ವಾಮಿಯವರ ಕೋಣೆಗೆ ಹೋಗಿ, ಅದು ಈವರೆಗೆ ಎಲ್ಲಿತ್ತೆಂಬುದನ್ನು ತಾನೇ ಹೇಳಿದಳು. ಕರಾರು ನವೀಕರಣವಾಯಿತು, ನೀರಜಾಳಿಗೆ ಲಿಖಿತ ಎಚ್ಚರಿಕೆ ಬಂತು. ಮತ್ಸರ ಮಾತ್ರ ಹೋಗಲಿಲ್ಲ. ಮೊದಲು ಅವಳು ಮಾರ್ಸೆಲಿನ್ನಳ ಕೈಗಳಿಗಾಗಿ ಕರುಬುತ್ತಿದ್ದಳು, ಈಗ ಆ ನಿರಾಳ ಮನಸ್ಸಿಗಾಗಿ.

ಕೆಲಸವನ್ನು ಕೆಲಸದಿಂದಲೇ ಅಳೆಯುವವರು ಪಕ್ಕದವರನ್ನು ಸೋಲಿಸಲು ಹೊರಡುವುದೇ ಇಲ್ಲ. ಅಂಥವರೊಡನೆ ಸ್ಪರ್ಧೆಗಿಳಿದವರಿಗೆ ಗೆಲ್ಲುವ ದಾರಿಯೂ ಇಲ್ಲ, ಸೋತೆವೆಂದು ಕೈಬಿಡುವ ನೆಮ್ಮದಿಯೂ ಇಲ್ಲ.