ಹೆಸರಿನ ಮುಂದಿನ ಖಾಲಿ ಜಾಗ

ಮತ್ತೆ ಓಡತೊಡಗಿದವು ಸಾಲುಗಳು, ಕಪ್ಪು ಪರದೆಯ ಮೇಲೆ ಒಂದರ ಹಿಂದೊಂದು, ದೊಡ್ಡಿಯ ಸಂದು ತೆಗೆದಾಗ ಕುರಿ ನುಗ್ಗುವ ಹಾಗೆ, ಒಂದು ಸಿಕ್ಕಿಕೊಂಡರೆ ಹಿಂದಿನವೆಲ್ಲ ಗಕ್ಕನೆ ನಿಲ್ಲುತ್ತವೆ, ನಿಲ್ಲಬ್ಯಾಡ್ರಿ, ಇವತ್ತ ಒಂದಿನ ನಿಲ್ಲಬ್ಯಾಡ್ರಿ — ಮಷಿನ್ನಿನ ಪಂಖಾ ಊಳಿಡುತ್ತಿದೆ, ಡಬ್ಬಿಯ ಬಾಜೂ ಕೈ ಇಟ್ಟರೆ ರೊಟ್ಟಿ ಹಂಚಿನಷ್ಟು ಬಿಸಿ, ಇನ್ನೂ ಅರ್ಧ ತಾಸಾದರೂ ಬೇಕು, ಕರ್ನಲ್ ಕಟ್ಟುವುದೆಂದರೆ ಮಷಿನ್ನಿನ ಜೀವವನ್ನೇ ಹೊಸದಾಗಿ ಹೆಣೆದಂತೆ, ಯಾವ ಸಾಮಾನಿನ ಗುರುತು ಅದಕ್ಕೆ ಇರಬೇಕು, ಯಾವುದರದು ಬ್ಯಾಡ, ಮೊದಲೇ ಕುಂತು ಒಂದೊಂದಾಗಿ ಹೇಳಬೇಕು, ಹೇಳದೆ ಬಿಟ್ಟದ್ದು ಎದುರಿಗೇ ಗಿರಗಿರ ತಿರುಗುತ್ತಿದ್ದರೂ ಅದಕ್ಕೆ ಕಾಣುವುದಿಲ್ಲ. ಬಾಗಿಲಲ್ಲಿ ನೆರಳು. ಹೊಳೆಯಪ್ಪ, ಸ್ಟೇಶನ್ ರೋಡಿನ ಕಾಳಿನ ಅಂಗಡಿಯವ, ಹೊಲದ್ದೊಂದ ಉತಾರ ತಗದ ಕೊಡಪಾ, ಇವತ್ತ ಬಂದ್ ಐತ್ರಿ, ಬಾಗಲಾ ತಗದ ಕುಂತು ಬಂದ್ ಅಂತೀಯಲ್ಲೋ, ಪ್ರಿಂಟರಿಗೆ ಜ್ವರಾ ಬಂದಾವೇನು, ನನಗ ಬಂದಾವ್ರಿ, ನಾಳೆ ಬರ್ರಿ. ಹೋದ. ಗುಡಗೇರಿಯಲ್ಲಿ ಇದೊಂದು ಅಂಗಡಿ ಇರದಿದ್ದರೆ ಕುಂದಗೋಳಕ್ಕೆ ಬಸ್ಸು ಹತ್ತಬೇಕು ಇವರೆಲ್ಲ, ಆದರೂ ಒಳಗೆ ಬಂದರೆ ಮುಖ ನೋಡಿ ನಗುತ್ತಾರೆ, ಒಂಬತ್ತನೇತ್ತೆ ಅರ್ಧಕ್ಕೆ ಬಿಟ್ಟವ ಕಂಪ್ಯೂಟರ್ ಮುಂದೆ ಏನು ಮಾಡುತ್ತಾನೆ ಎಂದು, ಮಾಡ್ತೇನಿ, ನೀವು ನಿಮ್ಮ ಹೊಲದ ಕಾಗದ ಒಯ್ಯುವಷ್ಟು ಮಾಡಿ ಕೊಟ್ಟೇನಿ. ಠಣ್ ಠಣ್ — ಹಿಂದಿನ ಮನೆಯಿಂದ, ಗಂಗಾಳದ ಮೇಲೆ ಸೌಟು. ಎರಡು ಸಲ ಎಂದರೆ ಊಟ. ಮೂರು ಸಲ ಎಂದರೆ ಯಾರೋ ಬಂದಿದ್ದಾರೆ. ನಿಲ್ಲಿಸದೆ ಬಡಿದರೆ ಸಿಟ್ಟು. ಅವ್ವನ ಭಾಷೆ ಈಗ ಇಷ್ಟೇ, ಕಂಚು ಮತ್ತು ಹಿತ್ತಾಳೆ.

ಬಂದೆ ಬೇ, ಎನ್ನುತ್ತೇನೆ, ಏಳುವುದಿಲ್ಲ. ಎದ್ದು ಹೋದರೆ ಅವಳು ತಾಟು ಮುಂದಿಟ್ಟು ಏನೋ ಹೇಳುತ್ತಾಳೆ, ಹೇಳುವುದೇನು, ತುಟಿ ಆಡಿಸುತ್ತಾಳೆ, ನಾನು ರೊಟ್ಟಿ ನೋಡುತ್ತೇನೆ, ಪುಂಡಿಪಲ್ಲೆ ನೋಡುತ್ತೇನೆ, ನೆಲದ ಮೇಲಿನ ಇರುವೆ ನೋಡುತ್ತೇನೆ, ತುಟಿ ಮಾತ್ರ ನೋಡುವುದಿಲ್ಲ, ಎರಡು ವರ್ಷವಾಯಿತು ನೋಡದೆ. ಹುಬ್ಬಳ್ಳಿಯ ದವಾಖಾನೆಯಲ್ಲಿ ಗಂಟಲಿನ ಗೂಡು ತೆಗೆದುಹಾಕಿದರು, ತಂಬಾಕಿನದು ಅಂದರು, ಕೊರಳ ಕೆಳಗೆ ರೂಪಾಯಿಯಷ್ಟು ತೂತು, ಉಸಿರೆಲ್ಲ ಅಲ್ಲಿಂದಲೇ, ಮೇಲೊಂದು ಬಿಳಿ ಅರಿಬಿ, ಇನ್ನ ಬಾಯಿಗೆ ಗಾಳಿ ಬರೂದಿಲ್ಲಪಾ, ದನಿ ಬರೂದಿಲ್ಲ, ಜೀವಾ ಉಳೀತಲ್ಲ, ಅಷ್ಟ ತಿಳಿ ಅಂದ ಡಾಕ್ಟರ್, ನನಗೆ ಅವನ ಟೇಬಲ್ ಮೇಲಿನ ಗಾಜನ್ನು ಎತ್ತಿ ಒಗೆಯಬೇಕೆನಿಸಿತ್ತು. ಆ ದನಿ ಅವನಿಗೇನು ಗೊತ್ತು. ಎರಡು ಹೊಲದ ಆಚೆ ಮೇಯುತ್ತಿದ್ದ ಕುರಿ ಮುಖ ಎತ್ತಿ ನೋಡುತ್ತಿತ್ತು ಆ ದನಿಗೆ, ಅಪ್ಪ ಹಿಂಡು ಹೊಡೆದುಕೊಂಡು ಶಲವಡಿ ಕಡೆ ಹೋದರೆ ನಾಯಿ ಅಪ್ಪನ ಮಾತು ಕೇಳುತ್ತಿರಲಿಲ್ಲ, ಅವ್ವ ಒದರಿದರೆ ಬಾಲ ಮಡಚುತ್ತಿತ್ತು, ಬೈದರೂ ಅದರಲ್ಲಿ ಒಂದು ರಾಗ, ಬಾವಿಯೊಳಗೆ ಕೊಡ ಇಳಿದ ಹಾಗೆ ಕೆಳಗೆ ಇಳಿದು ತುಂಬಿಕೊಂಡು ಮೇಲೆ ಬರುವ ದನಿ. ತಂಗಿ ಸುವರ್ಣಾ ಇರುವ ತನಕ ಅವ್ವನ ತುಟಿ ನೋಡಿ ನೋಡಿ ನನಗೆ ಹೇಳುತ್ತಿದ್ದಳು, ಅವ್ವ ಉಪ್ಪು ತಾ ಅಂತಾಳ, ಅವ್ವ ನಿನ್ನ ಅಂಗಿ ಹರದೈತಿ ಅಂತಾಳ, ಒಮ್ಮೆ ನೀನೂ ನೋಡೋ ಅಣ್ಣಾ ತಿಳೀತೈತಿ, ಸುಮ್ಮ ಕುಂದ್ರ ಲೇ ಅಂದೆ, ಹೋದ ವರ್ಷ ಅವಳೂ ಮದುವೆಯಾಗಿ ಅಣ್ಣಿಗೇರಿಗೆ ಹೋದಳು, ಈಗ ಓದಿ ಹೇಳುವವರಿಲ್ಲ, ಸೌಟು ಗಂಗಾಳ ಎರಡೇ. ಪರದೆಯ ಮೇಲೆ ಸಾಲುಗಳು ಹೋಗುತ್ತಲೇ ಇವೆ, ಈಗ ಶಬ್ದದ ಸಾಮಾನುಗಳ ಹೆಸರು, ಸೌಂಡ್ ಸೌಂಡ್ ಸೌಂಡ್ ಎಂದು ಒಂದಿಪ್ಪತ್ತು, ಇಂಗ್ಲಿಷ್ ಅಕ್ಷರ ನನಗೆ ಒಂದೊಂದಾಗಿ ಕೂಡಿಸಿ ಓದಬೇಕು, ಓದುತ್ತೇನೆ, ತಡವಾಗುತ್ತದೆ, ಆಗಲಿ.

ಹೆಸರಿನ ಮಾತು ವೆಂಕಣ್ಣ ಮಾಸ್ತರರು ಎತ್ತದಿದ್ದರೆ ನಾನು ಈ ಉಸಾಬರಿಗೇ ಬೀಳುತ್ತಿರಲಿಲ್ಲ. ನನ್ನ ಹೆಸರು ಶಿದ್ಲಿಂಗಪ್ಪ, ಅಪ್ಪನ ಅಪ್ಪನದು, ಮುದುಕ ಸತ್ತ ವರ್ಷವೇ ನಾನು ಹುಟ್ಟಿದೆ, ತಂದು ನನಗೆ ಇಟ್ಟರು, ಮಾವನ ಹೆಸರು ಸೊಸೆ ಬಾಯಲ್ಲಿ ತರಬಾರದಲ್ಲ, ಅದಕ್ಕೇ ನಮ್ಮವ್ವ ಸಾವಕ್ಕ ಹೆತ್ತ ಮಗನನ್ನು ಒಂದು ದಿನವೂ ಹೆಸರು ಹಿಡಿದು ಕರೆದವಳಲ್ಲ. ಅಜ್ಜಪ್ಪಾ, ಎನ್ನುತ್ತಿದ್ದಳು. ಬಾರೋ ಅಜ್ಜಪ್ಪಾ, ನೀರ ತಾರೋ ಅಜ್ಜಪ್ಪಾ, ಸಾಲಿಯ ಹುಡುಗರೆಲ್ಲ ಕೇಳಿಸಿಕೊಂಡು ಅಜ್ಜಪ್ಪಾ ಹಲ್ಲ ಅದಾವೇನಲೇ, ಊರಗೋಲ ಎಲ್ಲೆ ಬಿಟ್ಟ ಬಂದಿ, ಎನ್ನುತ್ತಿದ್ದರು, ಒಬ್ಬನ ಹಲ್ಲನ್ನೇ ಉದುರಿಸಿದೆ ನಾನು, ಆಮೇಲೆ ಒಂಬತ್ತನೇತ್ತೆಯ ಸರ್ ಹಾಜರಿ ಕರೆಯುವಾಗ ಅವರೂ ಒಮ್ಮೆ ಹಾಗೇ ಕರೆದರು, ಅಜ್ಜಪ್ಪ ಬಂದಾನೋ ಕುರಿ ಎಣಸಾಕ ಹೋಗ್ಯಾನೋ, ಎಲ್ಲರೂ ನಕ್ಕರು, ಪಾಟಿಚೀಲ ಅಲ್ಲೇ ಬಿಟ್ಟು ಹೊರಬಿದ್ದವ ತಿರುಗಿ ಹೋಗಲಿಲ್ಲ. ಮನೆಗೆ ಬಂದು ಅವ್ವನ ಮೇಲೆ ಹಾರಾಡಿದೆ, ಒಮ್ಮೆ ಆದರೂ ನನ್ನ ಹೆಸರ ತಗೊಂಡ ಕರಿ ನೋಡೂಣು, ಬಾಯಿಗಿ ಹುಳಾ ಬೀಳತಾವೇನು. ಅವ್ವ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ಬಾಯಿಗೆ ಹುಳ ಎಂದವ ನಾನು. ಅಂದವ ನಾನೇ.

ಹೋದ ವಾರ ಆ ವೆಂಕಣ್ಣ ಮಾಸ್ತರರು ಅಂಗಡಿಗೆ ಬಂದರು, ಕಲಿಸುವುದು ಬಿಟ್ಟು ಹದಿನೈದು ವರ್ಷ, ಊರೂರು ತಿರುಗಿ ಹೆಂಗಸರ ಹಾಡು ಕೂಡಿಸಿದವರು, ಹಿಂದೆ ಬಂದ ಆಳಿನ ತಲೆಯ ಮೇಲೆ ಒಂದು ಹಳೇ ಕಂಪ್ಯೂಟರ್ ಡಬ್ಬಿ, ಅಟ್ಟಾ ಸ್ವಚ್ಛ ಮಾಡಾಕ ಹತ್ತೇವಪಾ, ಧಾರವಾಡದಿಂದ ನಮ್ಮ ಶಿಶಿರ ಫೋನ್ ಮಾಡಿದ್ದ, ಅದು ಸತ್ತೈತಿ ಅಪ್ಪಾ ಗುಜರಿಗೆ ಹಾಕು ಅಂದ, ನನಗ ಮನಸಾಗವಲ್ದು, ಅದರಾಗ ನಿಮ್ಮವ್ವನ ಹಾಡೂ ಐತಿ ನೋಡು. ಆಳಿನ ತಲೆಯಿಂದ ಡಬ್ಬಿ ಇಳಿಸಿಕೊಂಡೆ. ಕಡೀಕ ನಾ ಕೇಳಿದ್ದೆ, ಹೊರಗ ಕುಂತ ನಿನ್ನ ಮಗನ ಹೆಸರೇನವಾ ಅಂತ, ಹೇಳಿದ್ಲು ನೋಡು, ಅಗದಿ ನಾಚಿ ಹೇಳಿದ್ಲು. ನನ್ನ ಹೆಸರ್ರಿ? ನಿನ್ನದ ಮತ್ತ್ಯಾರದು. ಹೊರಗೆ ಕುಂತವ — ಹೌದು, ಕುಂತಿದ್ದೆ, ನನಗಾಗ ಹನ್ನೊಂದು ವರ್ಷ, ಅವ್ವ ಬೆಣ್ಣೆ ಕೊಡಲು ಹೋದಾಗ ಮಾಸ್ತರರು ಇವತ್ತ ಹಾಡ ತುಂಬಿಕೊಳ್ಳೂಣು ಬಾರವಾ ಎಂದು ಒಳಗೆ ಕರೆದು, ಹುಡುಗರು ಸಪ್ಪಳಾ ಮಾಡತಾವ, ಇವ ಹೊರಗ ಇರ್ಲಿ ಎಂದು ಕದ ಹಾಕಿದ್ದರು, ನಾನು ಕಟ್ಟೆಯ ಮೇಲೆ ಕುಂತು ಬೆಣ್ಣೆಯ ಗಡಿಗೆಗೆ ನಾಯಿ ಬಾಯಿ ಹಾಕದಂತೆ ಕಾಯುತ್ತಿದ್ದೆ, ಹಾಡು ಕದದಾಚೆ ಗುಂಯ್ ಎನ್ನುತ್ತಿತ್ತು, ಆಮೇಲೆ ಹಾಡು ನಿಂತಿತು, ಆಮೇಲೆ ಸುಮ್ಮನೆ, ಆ ಸುಮ್ಮನೆಯೊಳಗೆ ಅವ್ವ ನನ್ನ ಹೆಸರು ಹೇಳಿದ್ದಳು, ನಾನು ನಾಯಿಗೆ ಕಲ್ಲು ಒಗೆಯುತ್ತಿದ್ದೆ. ಹದಿಮೂರು ವರ್ಷ ಅದನ್ನು ಅಟ್ಟದ ಮೇಲೆ ಇಲಿ ಹಿಕ್ಕೆಯಲ್ಲಿ ಇಟ್ಟಿದ್ದರಲ್ಲ ಮಾಸ್ತರರು, ಒಂದು ಮಾತು ಹೇಳಲಿಲ್ಲವಲ್ಲ, ಜಗಳವಾಡಬೇಕೆಂದು ಬಾಯಿ ತೆಗೆದೆ, ಇಟ್ಟ ಹೋಗ್ರಿ ನೋಡತೇನಿ, ಎಂದಷ್ಟೇ ಬಂತು.

ನೋಡಿದರೆ ಡಿಸ್ಕ್ ಈಗಿನದಲ್ಲ. ಆ ಕಾಲಕ್ಕೆ ಹಾಡು ತುಂಬಲು ಜೋರಿನದು ಬೇಕೆಂದು ಆ ಶಿಶಿರ ಹಾಕಿದ್ದನಂತೆ ಸ್ಕಜಿ ಅನ್ನುವ ಜಾತಿಯದನ್ನು, ಅರವತ್ತೆಂಟು ಕಡ್ಡಿಯ ಅಗಲವಾದ ಕೇಬಲ್ಲು, ಅದು ತನ್ನದೇ ಒಂದು ಕಾರ್ಡಿಗೆ ಮಾತ್ರ ಕೂಡುತ್ತದೆ, ಡಬ್ಬಿ ಸುಟ್ಟುಹೋಗಿತ್ತು, ಕಾರ್ಡು ಡಿಸ್ಕು ಎರಡೂ ಬದುಕಿದ್ದವು. ಕುಂದಗೋಳದ ಬಾಷಾಸಾಬ ಕಾಕಾ ಹಳೇ ಮಷಿನ್ ಒಂದು ಕೊಟ್ಟರು, ನನಗೆ ಸ್ಕ್ರೂಡ್ರೈವರ್ ಹಿಡಿಯಲು ಕಲಿಸಿದವರೂ ಅವರೇ, ಕಾರ್ಡ್ ಕೂಡಿಸಿದೆ, ಏನೂ ಕಾಣಲಿಲ್ಲ, ಡಿಸ್ಕ್ ಮಾತ್ರ ಹೊಟ್ಟೆ ಹಸಿದವರ ಹಾಗೆ ಗುರ್ ಎನ್ನುತ್ತಿತ್ತು. ಈಗಿನವರು ಕಟ್ಟಿ ಕೊಟ್ಟ ಕರ್ನಲ್ಲಿನಾಗ ಅದರ ಗುರುತ ಇರೂದಿಲ್ಲಲೇ, ಹಳೇ ಕಾರ್ಡ್ ಯಾರ ಕೇಳತಾರ, ನೀನ ಕಟ್ಟಬೇಕು, ಅಂದರು ಕಾಕಾ ಫೋನಿನಲ್ಲಿ. ಮೆನು ತೆರೆದೆ, ಸಾವಿರಾರು ಹೆಸರು, ಪ್ರತಿ ಹೆಸರಿನ ಮುಂದೆ ಎರಡು ಕಂಸ, ನಡುವೆ ಖಾಲಿ ಜಾಗ, ಖಾಲಿ ಬಿಟ್ಟರೆ ಅವ ನಮ್ಮವನೇ ಅಲ್ಲ, ಸ್ಟಾರ್ ಹಚ್ಚಿದರೆ ಮನಿಯವ, ಸದಾ ಒಳಗೆ, ಎಮ್ ಹಚ್ಚಿದರೆ ಬಾಜೂ ಮನಿಯವ, ಕರೆದಾಗ ಬರುತ್ತಾನೆ, ಹೀಗೆ ಕಲಿಸಿದ್ದರು ಕಾಕಾ. ಇಳಿದು ಇಳಿದು ಸ್ಟೋರೇಜ್ ಸಾಮಾನುಗಳ ಪುಟದಲ್ಲಿ ಆ ಕಾರ್ಡಿನ ಹೆಸರು ಸಿಕ್ಕಿತು, ಮುಂದೆ ಖಾಲಿ. ಹೆಸರು ಬರೆದಿದ್ದಾರೆ, ಕರೆಯುವುದಿಲ್ಲ. ಅದನ್ನೇ ನೋಡುತ್ತ ಎಷ್ಟು ಹೊತ್ತು ಕುಂತೆನೋ, ಪಂಖಾ ತಿರುಗುತ್ತಿತ್ತು, ಹಿಂದೆ ಠಣ್ ಠಣ್ ಆಗುತ್ತಿತ್ತು.

ಕಾರ್ಡಿಗೆ ಸ್ಟಾರ್ ಹಚ್ಚಿದೆ, ಡಿಸ್ಕಿಗೆ ಸ್ಟಾರ್ ಹಚ್ಚಿದೆ, ಪೆನ್‌ಡ್ರೈವಿಗೆ ಎಮ್ ಹಚ್ಚಿದೆ, ಅದೇನು ಮಹಾ, ಕರೆದಾಗ ಬಂದೀತು ಎಂದು, ಮಷಿನ್ ಏಳುವುದೇ ಆ ಪೆನ್‌ಡ್ರೈವಿನಿಂದ ಎನ್ನುವುದು ಸಿಟ್ಟಿನ ತಲೆಗೆ ಹೊಳೆಯಲಿಲ್ಲ. ನಿನ್ನೆ ಚಾಲೂ ಮಾಡಿದರೆ ನಾಲ್ಕು ಸಾಲು ಬಂದು ನಿಂತಿತು, ಬೇರು ಸಿಗವಲ್ದು, ಹೆದರೀನಿ, ಎನ್ನುವಂಥ ಏನೋ ಇಂಗ್ಲಿಷಿನಲ್ಲಿ. ಫೋಟೋ ತೆಗೆದು ಕಳಿಸಿದರೆ ಕಾಕಾ ಐದು ನಿಮಿಷ ನಕ್ಕರು, ಲೇ ಶಿದ್ಲಿಂಗ್ಯಾ, ಕೀಲಿ ಒಳಗಿಟ್ಟು ಕದಾ ಹಾಕ್ಕೊಂಡಿ ನೋಡು, ಪೆನ್‌ಡ್ರೈವ್ ಓದೂ ವಿದ್ಯೆ ಪೆನ್‌ಡ್ರೈವಿನಾಗ ಇಟ್ಟರ ಅದನ್ನ ಓದವರ್ಯಾರು. ನಗ್ರಿ ಕಾಕಾ ನಗ್ರಿ, ಅಂದು ಫೋನ್ ಇಟ್ಟು ಗೋಡೆಗೆ ಗುದ್ದಿದೆ, ಬೆರಳ ಗೆಣ್ಣು ಇನ್ನೂ ಊದಿದೆ. ಅವ್ವ ಅರಿಷಿಣ ತಂದು ಹಚ್ಚಿದಳು, ಏನೋ ಹೇಳುತ್ತ ಹಚ್ಚಿದಳು, ತಲೆ ಎತ್ತಲಿಲ್ಲ ನಾನು, ಬಿಳಿ ಅರಿಬಿಯ ತನಕ ಕಣ್ಣು ಹೋಯಿತು, ಅಲ್ಲಿಂದ ಮೇಲೆ ಹೋಗಲಿಲ್ಲ.

ನಿಂತಿತು. ಸಾಲುಗಳು ನಿಂತವು, ತಪ್ಪಿನಿಂದ ಅಲ್ಲ, ಮುಗಿದು. ಪೆನ್‌ಡ್ರೈವಿಗೆ ಹಾಕಿ, ಹಳೇ ಮಷಿನ್ನಿಗೆ ಚುಚ್ಚಿ, ಗುಂಡಿ ಒತ್ತುತ್ತೇನೆ, ಬರುತ್ತಿದೆ, ನಾಲ್ಕು ಸಾಲು ದಾಟಿತು, ನಲವತ್ತು ದಾಟಿತು, ಪೆನ್‌ಡ್ರೈವ್ ಸಿಕ್ಕಿತು, ಇವತ್ತು ಅದಕ್ಕೂ ಸ್ಟಾರ್ ಹಚ್ಚಿದ್ದೆ, ಮನೆಯವ ಈಗ ಅವ, ಕಾರ್ಡಿನ ಹೆಸರು ಬಂತು, ಉಸಿರು ಹಿಡಿದೆ, ಡಿಸ್ಕ್ ಒಮ್ಮೆ ಕಟಕ್ ಎಂದು ಮತ್ತೆ ಗುರ್ ಎಂದಿತು, ಅದರ ಹೆಸರೂ ಬಂತು, ಇಷ್ಟು ಜಾಗ, ಇಷ್ಟು ಭಾಗ, ಎಲ್ಲ ಗುರುತು ಹಿಡಿಯಿತು. ಓದಲಿಕ್ಕಷ್ಟೇ ಬಾಗಿಲು ತೆಗೆದೆ, ಒಂದಕ್ಷರ ಬರೆಯಬಾರದು ಅದರ ಮೇಲೆ. ಒಂದೊಂದು ಹಾಡಿಗೂ ಊರಿನ ಹೆಸರು, ತಾರೀಖು, ಹೆಂಗಸಿನ ಹೆಸರು, ಮಾಸ್ತರರು ಅಚ್ಚುಕಟ್ಟಿನವರು, ಗುಡಗೇರಿ ಸಾವಕ್ಕ ಕುರುಬರ, ಅದರ ಮೇಲೆ ಬೆರಳು ಇಟ್ಟು ಒತ್ತಿದೆ, ಮೊದಲು ಬರೇ ಸುಂಯ್, ಕುರ್ಚಿ ಎಳೆದ ಸಪ್ಪಳ, ಹಾಡವಾ ಎಂದ ಮಾಸ್ತರರ ದನಿ, ಆಮೇಲೆ ಅಂಗಡಿ ತುಂಬಾ ಅವ್ವ. ಕಲ್ಲು ತಿರುಗತೈತಿ ಜ್ವಾಳ ಇಳಿತೈತಿ, ಬೆಳಕ ಹರಿವಲ್ದು ಬಾಗಿಲಿಗೆ — ಆ ದನಿ, ಬಾವಿಗೆ ಇಳಿದು ತುಂಬಿಕೊಂಡು ಬರುವ ದನಿ, ನನ್ನ ಕಣ್ಣಲ್ಲಿ ನೀರು ಬರುತ್ತಿದೆಯೋ ಸಿಟ್ಟು ಬರುತ್ತಿದೆಯೋ ತಿಳಿಯಲಿಲ್ಲ, ಹಿಂದೆ ಸೌಟು ನೆಲಕ್ಕೆ ಬಿತ್ತು. ಹಾಡು ನಿಂತಿತು. ಹೊರಗ ಕುಂತ ನಿನ್ನ ಮಗನ ಹೆಸರೇನವಾ, ಅಯ್ಯ ಮಾಸ್ತರ್ರ, ಮಾವನ ಹೆಸರ್ರಿ ಅದು, ಹ್ಯಾಂಗ ಹೇಳ್ಲಿ, ಬರಕೊಳ್ಳಾಕ ಬೇಕವಾ, ಮಷಿನ್ ಮುಂದ ಹೇಳಿದ್ರ ಯಾರಿಗಿ ಕೇಳಸತೈತಿ, ನಗು, ಬಳೆ ಸಪ್ಪಳ, ಹತ್ತಿರ ಬಗ್ಗಿರಬೇಕು ಅವ್ವ, ನಾನು ಸ್ಪೀಕರಿಗೆ ಕಿವಿ ಹಚ್ಚಿದೆ, ದನಿ ಇಲ್ಲ, ದನಿಯೇ ಇಲ್ಲ, ಪಿಸುಗುಟ್ಟಿದ್ದಾಳೆ, ಬರೇ ಗಾಳಿ, ಕಡೆಗೆ ತುಟಿ ಕೂಡಿ ಬಿಟ್ಟ ಒಂದು ಸಣ್ಣ ಸಪ್ಪಳ. ಮತ್ತೆ ಹಾಕಿದೆ. ಗಾಳಿ. ಆವಾಜು ಪೂರ್ತಿ ಏರಿಸಿ ಮತ್ತೆ ಹಾಕಿದೆ, ಗಾಳಿಯೇ ದೊಡ್ಡದಾಯಿತು, ಆ ದನಿ ನನ್ನ ಹೆಸರನ್ನು ಹೊತ್ತಿಲ್ಲ, ಎಂದೂ ಹೊತ್ತಿರಲಿಲ್ಲ, ಇಷ್ಟಕ್ಕೆ ಒಂದು ವಾರ, ಇಷ್ಟಕ್ಕೆ — ಬಾಜೂ ಯಾರೋ ಬಂದು ನಿಂತರು, ಹಿಟ್ಟು ಮೆತ್ತಿದ ಕೈ ಟೇಬಲ್ ಹಿಡಿಯಿತು, ಕೈ ನೋಡಿದೆ, ಬಿಳಿ ಅರಿಬಿ ನೋಡಿದೆ, ಅದು ಉಸಿರಿಗೆ ಏರುತ್ತ ಇಳಿಯುತ್ತ ಇತ್ತು, ಮಷಿನ್ ತಾನೇ ಮತ್ತೆ ಕೇಳಿತು ಮಗನ ಹೆಸರೇನವಾ, ಅಯ್ಯ ಮಾಸ್ತರ್ರ, ನಗು, ಬಳೆ, ನಾನು ಮೇಲೆ ನೋಡಿದೆ, ಅವ್ವನ ತುಟಿ ಆಡುತ್ತಿವೆ, ಹಲ್ಲಿನ ಸಂದಿಯಲ್ಲಿ ಶಿ, ನಾಲಗೆ ಮೇಲೆ ಹೋಗಿ ದ್ಲಿಂ, ಬಾಯಿ ತೆರೆದು ಗ, ಮತ್ತೆ ತುಟಿ ಎರಡೂ ಕೂಡಿದವು, ಬಿಟ್ಟವು, ಮತ್ತೆ ಹಾಕಿದೆ, ಮತ್ತೆ ಹೇಳಿದಳು, ತುಟಿ ಕೂಡುತ್ತವೆ, ಬಿಡುತ್ತವೆ, ಕೂಡುತ್ತವೆ