ಬೇವು ನೆಟ್ಟವರು

ಹಳೇ ಕಾಲದ ಸಾಕ್ಷಿ ಏನಾದರೂ ತನ್ನಿ ಎಂದು ಹರಪನಹಳ್ಳಿ ಶಾಲೆಯ ಪುಷ್ಪಲತಾ ಟೀಚರ್ ಹೇಳಿದ್ದೇ ತಡ, ಉಳಿದ ಮಕ್ಕಳು ತಂಬಿಗೆ, ನಾಣ್ಯ ತಂದರೆ ತಮನ್ನಾ ಎಂಬ ಮಹರಾಯ್ತಿ ತನ್ನ ಅಜ್ಜಿಯನ್ನೇ ಕೈಹಿಡಿದು ಕರೆತಂದಳು. ಕ್ಲಾಸಿಗೆ ಕ್ಲಾಸೇ ಗೊಳ್ಳೆಂದು ನಕ್ಕಿತು.

ಅಜ್ಜಿ ಅಮೀರ್ ಬೀಗೆ ನಾಚಿಕೆಯಾಯಿತು. ಆದರೂ ನಿಂತಳು. ಆರನೇ ಕ್ಲಾಸಿನವರೆಗೆ ಅವಳು ಓದಿದ್ದು ಇಲ್ಲೇ. ಕಿಟಕಿಯಾಚೆ ಬೇವಿನ ಮರ ಕಂಡಿದ್ದೇ ಎದೆ ತುಂಬಿಬಂತು.

“ಆ ಗಿಡ ಹಚ್ಚಿದ್ದು ನಾನು, ನನ್ನ ಗೆಳತಿ ಗಿಡ್ಡಮ್ಮ.”

ಸಂಜೀವ ಎಂಬ ಹುಡುಗ ಶಾಲೆಯ ಸ್ಮರಣ ಸಂಚಿಕೆ ಬಿಚ್ಚಿದ. “ಇಲ್ರಿ ಟೀಚರ್, ಪಾಲಾಕ್ಷಪ್ಪ ಮಾಸ್ತರು ನೆಟ್ಟಿದ್ದು ಅಂತ ಇದ್ರಾಗ ಐತಿ.”

“ಹಂಗಾರ ನಾ ಸುಳ್ಳ ಹೇಳ್ತೀನೇನು?” ಅಮೀರ್ ಬೀಗೆ ಸಿಟ್ಟು ನೆತ್ತಿಗೇರಿತು. ತಮನ್ನಾ ತಲೆ ತಗ್ಗಿಸಿದಳು. ಛೇ, ಮೊಮ್ಮಗಳ ಮುಂದೆ ಸುಳ್ಳಿ ಅನ್ನಿಸಿಕೊಳ್ಳುವುದೇ! ಹೌದೆನ್ನಲು ಗಿಡ್ಡಮ್ಮನೂ ಬದುಕಿರಲಿಲ್ಲ.

“ಸಿಟ್ಟಾಗಬ್ಯಾಡ್ರಿ ಅಮ್ಮಾ,” ಎಂದರು ಟೀಚರ್. “ಸಂಚಿಕೆ ಆಮೇಲೆ ಯಾರೋ ಕೇಳಿ ಬರೆದಿದ್ದು. ನೀವು ಕಣ್ಣಾರೆ ಕಂಡೋರು. ಆದ್ರ ಕಂಡೋರೂ ಮರೀತಾರ. ಅದಕ್ಕ ಎರಡನ್ನೂ ಪರೀಕ್ಷಿ ಮಾಡಬೇಕು. ಬ್ಯಾರೆ ಏನಾದ್ರೂ ಗುರುತು ಐತೇನ್ರಿ?”

ಅಮೀರ್ ಬೀ ಕಣ್ಣು ಮುಚ್ಚಿದಳು. ಸಸಿಗೆ ಆಡುಗಳು ಬಾಯಿ ಹಾಕುತ್ತವೆಂದು ಅವಳು ರಂಪ ಮಾಡಿದಾಗ, ಸೈಕಲ್ ರಿಪೇರಿ ಮಾಡುತ್ತಿದ್ದ ಅಪ್ಪ ಬೈಯುತ್ತಲೇ ಬಂದು ಸುತ್ತ ಮುಳ್ಳು ನೆಟ್ಟಿದ್ದ. ಮುಳ್ಳು ಅಲುಗದಂತೆ ಬುಡಕ್ಕೆ ಚಿಕ್ಕ ಸೈಕಲ್ಲಿನ ರಿಮ್ಮನ್ನೂ ಹಾಕಿದ್ದ. ಅದೇ ವರ್ಷ ಅವಳ ಶಾಲೆ ಬಿಡಿಸಿದವನೂ ಅವನೇ. ಆ ಸಿಟ್ಟು ಅವಳಿಗೆ ಇವತ್ತಿಗೂ ಹೋಗಿರಲಿಲ್ಲ.

“ಗೋಡಿ ಕಡೆ, ಬುಡದಾಗ ಕೆದರಿ ನೋಡ್ರಿ. ಸೈಕಲ್ ರಿಮ್ ಇರಬೇಕು.”

ಮಕ್ಕಳು ಓಡಿದರು. ಅಮೀರ್ ಬೀಯೂ ಅವರ ಹಿಂದೆಯೇ ಮರದತ್ತ ಹೊರಟಳು. ಅಷ್ಟು ವರ್ಷ ಅದು ಉಳಿದೀತೇ?

“ಐತ್ರಿ ಟೀಚರ್!” ಕೂಗಿದವನು ಸಂಜೀವನೇ. “ನೋಡದವ್ರಿಗೆ ಇದು ಹೆಂಗ ಗೊತ್ತಾಗ್ತೈತಿ? ಅಜ್ಜಿ ಹೇಳಿದ್ದು ಖರೇ!”

ಮಣ್ಣು ಸರಿಸಿದಲ್ಲಿ ತುಕ್ಕುಹಿಡಿದ ಕಬ್ಬಿಣ ಗೇಣುದ್ದ ಕಾಣುತ್ತಿತ್ತು. ಉಳಿದದ್ದನ್ನೆಲ್ಲ ಮರ ನುಂಗಿಬಿಟ್ಟಿತ್ತು. ಅಮೀರ್ ಬೀ ಅಲ್ಲೇ ಕುಕ್ಕರಗಾಲಲ್ಲಿ ಕೂತು ಅದನ್ನು ಸವರಿದಳು. ಅಪ್ಪನ ಎಣ್ಣೆಮೆತ್ತಿದ ಕೈ ನೆನಪಾಗಿ ಕಣ್ಣೀರು ತಡೆಯಲಾಗಲಿಲ್ಲ.

ತಮನ್ನಾ ಹೆಮ್ಮೆಯಿಂದ ಪೆನ್ನು ತೆಗೆದಳು. “ಅಜ್ಜಿ, ಗಿಡ ಹಚ್ಚಿದೋರು ಅಮೀರ್ ಬೀ, ಗಿಡ್ಡಮ್ಮ. ಸಾಕಲ್ಲ?”

“ಸಾಲಂಗಿಲ್ಲ,” ಎಂದಳು ಅಮೀರ್ ಬೀ, ಸೆರಗಿನಿಂದ ಮೂಗೊರೆಸಿಕೊಳ್ಳುತ್ತ. “ಗಿಡ ಉಳಿಸಿದೋನು ನಮ್ಮಪ್ಪ ಜಮಾಲ್ ಸಾಬ್. ಅದನ್ನೂ ಬರಿ.”